ಉಳಿಸಿದ ಹಲ್ಲು

ದವಡೆ ಬಿಡುತ್ತಿರಲಿಲ್ಲ. ಸಿಸ್ಟರ್ ಎಡಗೈಯಲ್ಲಿ ಡಾಕ್ಟರ ಗದ್ದ ಹಿಡಿದು, ಬಲಗೈಯ ಹೆಬ್ಬೆರಳನ್ನು ತುಟಿಯ ಅಂಚಿಗೊತ್ತಿ ಮೂರನೇ ಸಲ ಪ್ರಯತ್ನಿಸಿದರು. ಇಪ್ಪತ್ತೆರಡು ವರ್ಷ ಈ ಮನುಷ್ಯನ ಪಕ್ಕದಲ್ಲಿ ನಿಂತು, ಬಂದವರಿಗೆಲ್ಲ 'ದೊಡ್ಡದಾಗಿ ಬಾಯಿ ತೆಗೀರಿ, ಇನ್ನೂ, ಇನ್ನೂ' ಎಂದು ಹೇಳಿದವರು ಅವರು. ಇವತ್ತು ಆ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

"ಆಗ್ತಾ ಇಲ್ಲ ಅಕ್ಕಾ. ನಿನ್ನೆ ಸಂಜೆಯೇ ಹಾಕ್ಬೇಕಿತ್ತು. ಈಗ ದೇಹ ಗಟ್ಟಿಯಾಗ್ಬಿಟ್ಟಿದೆ."

ಡಾಕ್ಟರ ಹೆಂಡತಿ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಹೊರಗೆ ಹಜಾರದಲ್ಲಿ ಕುರ್ಚಿ ಎಳೆಯುವ ಸದ್ದು, ಯಾರೋ ಮೂಗು ಸೀಟುವ ಸದ್ದು. ಅವರ ಕೈಯಲ್ಲಿ ಒಂದು ಸ್ಟೀಲ್ ಲೋಟ, ಲೋಟದ ನೀರಿನಲ್ಲಿ, ಹಿಂದಿನ ಸಂಜೆ ಡಾಕ್ಟರು ಕುಸಿದಾಗ ಬಾಯಿಂದ ಜಾರಿದ್ದ ಕಟ್ಟುಹಲ್ಲಿನ ಎರಡು ಸೆಟ್ಟು.

"ಇನ್ನೊಂದೇ ಸಲ ನೋಡಿ ಸಿಸ್ಟರ್. ಎಂಟು ವರ್ಷದಲ್ಲಿ ನನ್ನೆದುರಿಗೂ ಹಲ್ಲಿಲ್ಲದೆ ಕೂತವರಲ್ಲ ಅವರು. ಈಗ ಊರಿಗೆ ಊರೇ ಬಂದು ನೋಡುತ್ತೆ. ಹಲ್ಲಿನ ಡಾಕ್ಟ್ರಿಗೇ ಹಲ್ಲಿರಲಿಲ್ಲ ಅಂತ ನಾಳೆ ಬಸ್ ಸ್ಟಾಂಡಲ್ಲಿ ಆಡ್ಕೋತಾರೆ."

ಬೊಚ್ಚುಬಾಯಿಯ ಗುಟ್ಟು ಈ ಇಬ್ಬರು ಹೆಂಗಸರಿಗೆ ಬಿಟ್ಟರೆ ಬೇರೆಯವರಿಗೆ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ವಸಡನ್ನು ತಿಂದು, ಐವತ್ತು ದಾಟುವುದರೊಳಗೆ ಡಾಕ್ಟರ ಹಲ್ಲುಗಳು ಒಂದೊಂದಾಗಿ ಅಲ್ಲಾಡತೊಡಗಿದ್ದವು. ಕೊನೆಯ ನಾಲ್ಕನ್ನು ಕಿತ್ತವರು ಸಿಸ್ಟರೇ. ಆಸ್ಪತ್ರೆಯ ಬಾಗಿಲು ಹಾಕಿಕೊಂಡು, ಡಾಕ್ಟರು ತಾವೇ ರೋಗಿಗಳ ಕುರ್ಚಿಯಲ್ಲಿ ಕೂತು, ಸೂಜಿ ಎಲ್ಲಿ ಚುಚ್ಚಬೇಕೆಂದು ಬೆರಳಿನಲ್ಲಿ ತೋರಿಸಿದ್ದರು. ಬಾಯಿ ಮರಗಟ್ಟಿದ ಮೇಲೆ ಕೈಸನ್ನೆ ಮಾಡಿದ್ದರು: ಈ ಕಡೆ ತಿರುಗಿಸಿ, ಇನ್ನೂ ಮೇಲಕ್ಕೆ, ಹೆದರಬೇಡಿ. ಎಲ್ಲ ಮುಗಿದ ಮೇಲೆ ಹತ್ತಿ ಕಚ್ಚಿಕೊಂಡೇ ತೊದಲಿದ್ದರು, "ನನಗಿಂತ ಚೆನ್ನಾಗಿ ಕೀಳ್ತೀರಿ. ಸರ್ಕಾರಕ್ಕೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

ಸಿಸ್ಟರ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಕೆನ್ನೆಯ ಮೇಲಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, ತುಟಿ ಬಿಡಿಸಿ, ಮೇಲಿನ ಸೆಟ್ಟನ್ನು ಅಡ್ಡಡ್ಡವಾಗಿ ಒಳಗೆ ಸರಿಸಿದರು. ಅದು ಕೂತಿತು. ಕೆಳಗಿನದಕ್ಕೆ ಜಾಗ ಸಿಗಲಿಲ್ಲ. ಮೇಲ್ದುಟಿ ತುಂಬಿಕೊಂಡು, ಕೆಳದುಟಿ ಒಳಗೆ ಹೋಗಿ, ಡಾಕ್ಟರು ಏನೋ ಹೇಳಲು ಹೊರಟು ಬೇಡವೆಂದು ಸುಮ್ಮನಾದವರಂತೆ ಕಂಡರು.

"ಸಾಕು ಬಿಡಿ," ಎಂದರು ಹೆಂಡತಿ. ಉಳಿದ ಸೆಟ್ಟನ್ನು ಸೆರಗಿನಲ್ಲಿ ಒರೆಸಿ ಗಂಡನ ಅಂಗಿಯ ಜೇಬಿಗೆ ಹಾಕಿದರು. ಹೊಸ ಅಂಗಿ. ಅದರ ಜೇಬು ಎದೆಗಿಂತ ಹೊಟ್ಟೆಗೇ ಹತ್ತಿರವಾಗಿತ್ತು. "ನೋಡಿ ಇದನ್ನ. ಬಸ್ ಸ್ಟಾಂಡಿನ ಹತ್ರ ಯಾರೋ ಹೊಲಿದದ್ದು. ನಮ್ಮ ಟೈಲರ್ ಹತ್ರ ಕೊಡಿ ಅಂದ್ರೆ ಕೇಳ್ಲಿಲ್ಲ. ಅವನಿಗೆ ನನ್ನ ಕಂಡ್ರೆ ಆಗಲ್ಲ ಕಣೇ ಅಂದ್ರು."

ಆಮೇಲೆ ಬಾಗಿಲು ತೆಗೆದರು.

ಜನ ಬಂದರು. ಸಿಸ್ಟರ್ ಎಣಿಸಿದ್ದಕ್ಕಿಂತ ಹೆಚ್ಚು ಜನ. ಹಿಂದಿನ ದಿನ ಕೆಲಸದಿಂದ ಬಂದು, ಬೂಟಿನ ದಾರ ಬಿಚ್ಚಲು ಬಗ್ಗಿದವರು ಹಾಗೇ ಮೇಲೇಳಲಿಲ್ಲ ಎಂಬುದನ್ನು ಹೆಂಡತಿ ಬಂದವರಿಗೆಲ್ಲ ಒಂದೇ ಮಾತಿನಲ್ಲಿ ಹೇಳಿದರು. ಆಮೇಲೆ ಹೇಳುವ ಸರದಿ ಬಂದವರದು.

"ನನ್ನ ಏಳು ಹಲ್ಲು ಹೋಗಿದ್ದು ಇವರ ಕೈಯಲ್ಲೇ," ಎಂದಳು ತರಕಾರಿ ಮಾರುವ ಮುದುಕಿ. "ನೋವು ಅನ್ನೋದೇ ಗೊತ್ತಾಗ್ಲಿಲ್ಲ. ಹೂ ಬಿಡಿಸಿದ ಹಾಗೆ."

"ಏಳೇನು ಮಹಾ," ಎಂದ ಬಸ್ಸಿನ ಡ್ರೈವರ್. "ನಂದು ಹನ್ನೊಂದು. ಒಂದೇ ದಿನ ಮೂರು ಕೀಳಿಸ್ಕೊಂಡು ಮಧ್ಯಾಹ್ನದ ಟ್ರಿಪ್ಪಿಗೆ ಗಾಡಿ ತಗೊಂಡು ಹೋಗಿದ್ದೆ."

"ನಮ್ಮ ಮನೇಲಿ ಎಲ್ಲರದ್ದೂ ಸೇರಿಸಿದ್ರೆ ಒಂದು ಪಾವಾದ್ರೂ ಆಗುತ್ತೆ."

ಸತ್ತ ಮನೆಯೆಂಬುದನ್ನು ಮರೆತು ಇಬ್ಬರು ನಕ್ಕರು. ನಕ್ಕ ಬಾಯಿಗಳಲ್ಲಿ ಕಿಂಡಿಗಳು ಕಂಡವು. ಊರು ಡಾಕ್ಟರಿಗೆ 'ಇಕ್ಕಳ ಡಾಕ್ಟ್ರು' ಎಂದು ಹೆಸರಿಟ್ಟಿತ್ತು, ಪ್ರೀತಿಯಿಂದಲೇ. ರಸ್ತೆಯಲ್ಲಿ ಯಾರಾದರೂ ಹಾಗೆ ಕರೆದರೆ ಅವರು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು. ಮಾಡಿ ನಾಲ್ಕು ಹೆಜ್ಜೆ ನಡೆದ ಮೇಲೆ ಮುಖ ಹೇಗಾಗುತ್ತಿತ್ತು ಎಂಬುದು ಜೊತೆಗೆ ನಡೆಯುತ್ತಿದ್ದ ಸಿಸ್ಟರ್‌ಗೆ ಮಾತ್ರ ಗೊತ್ತು. ಇವತ್ತು ಈ ಜನ ಹೊಗಳುತ್ತಿದ್ದುದೆಲ್ಲ ಅವರು ಜೀವಮಾನವಿಡೀ ಯಾವುದಕ್ಕೆ ತಲೆ ತಗ್ಗಿಸಿದ್ದರೋ ಅದನ್ನೇ. ಎದ್ದು ಬೇರೆ ಕೋಣೆಗೆ ಹೋಗಿಬಿಡಲು ಆಗುವಂತಿದ್ದರೆ ಡಾಕ್ಟರು ಹೋಗುತ್ತಿದ್ದರು.

ಡಾಕ್ಟರ ಹೆಂಡತಿ ಸಿಸ್ಟರ್ ಕಿವಿಯ ಹತ್ತಿರ ಬಾಗಿದರು. "ನನ್ನವು ಮೂವತ್ತೆರಡೂ ಇವೆ ಗೊತ್ತಾ? ಪ್ರತಿ ಭಾನುವಾರ ಕಿಟಕಿ ಹತ್ರ ಕೂರಿಸಿ ಟಾರ್ಚು ಹಾಕಿ ನೋಡೋರು. ಜಗಳ ಆಡಿದ ವಾರ ಕೂಡ ಬಿಡ್ತಿರ್ಲಿಲ್ಲ. ಮಾತಿಲ್ಲ ಕತೆಯಿಲ್ಲ, ಬಂದು ಬಾಯಿ ತೆಗೆ ಅನ್ನೋರು." ಕಣ್ಣೊರೆಸಿಕೊಂಡರು. "ಈ ಊರಿನವರ ಮುಂದೆ ನಗೋಕೇ ನಾಚಿಕೆ ನನಗೆ."

*

ಸಿಸ್ಟರ್ ಕೆಲಸಕ್ಕೆ ಸೇರಿದಾಗ ಹಲ್ಲಿನ ಕೋಣೆಯಲ್ಲಿ ವಿದ್ಯುತ್ ಯಂತ್ರವಿರಲಿಲ್ಲ. ಒಂದು ಕಬ್ಬಿಣದ ಕುರ್ಚಿ, ಒಂದು ಬೇಸಿನ್ನು, ಮತ್ತೆ ಕಾಲಲ್ಲಿ ತುಳಿಯುವ ಒಂದು ಹಳೆಯ ಡ್ರಿಲ್ಲು. ಅದನ್ನು ಡಾಕ್ಟರು ತಾವು ಓದಿದ ಕಾಲೇಜಿನ ಗುಜರಿ ಕೋಣೆಯಿಂದ ಬೇಡಿ ತಂದಿದ್ದರು. ಪೆಡಲು ತುಳಿದರೆ ಚಕ್ರ ತಿರುಗಿ, ಚಕ್ರದಿಂದ ಹಗ್ಗ ತಿರುಗಿ, ಹಗ್ಗದ ತುದಿಯಲ್ಲಿ ಸೂಜಿಯಷ್ಟು ಸಣ್ಣ ಮೊನೆ ತಿರುಗುತ್ತಿತ್ತು. ತುಳಿಯುವ ಕೆಲಸ ಸಿಸ್ಟರ್‌ದು. ಕೊರೆದ ತೂತಿಗೆ ತುಂಬುವ ಸಿಮೆಂಟನ್ನು ಡಾಕ್ಟರ ಮೇಷ್ಟ್ರೊಬ್ಬರು ಕಾಲೇಜಿನಿಂದ ಆಗಾಗ ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು.

ಒಂದು ದಿನ ಹದಿನೆಂಟರ ಹುಡುಗನೊಬ್ಬ ಬಂದ. ಸೈಕಲ್ಲಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಕಪ್ಪಾಗಿತ್ತು, ಬೇರಿನಲ್ಲಿ ಕೀವು. ಟೈಲರ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನು.

"ಕಿತ್ತಾಕಿ ಸರ್. ತಡ್ಕೊಳಕ್ಕಾಗ್ತಿಲ್ಲ."

"ಕಿತ್ತಾಕಿದ್ರೆ ನಾಳೆ ಯಾವ ಹುಡುಗಿ ನಿನ್ನ ನೋಡ್ತಾಳೋ? ಐದು ಸಲ ಬರ್ತೀನಿ ಅಂತ ಮಾತು ಕೊಡು, ಹಲ್ಲು ಉಳಿಸಿಕೊಡ್ತೀನಿ."

ಐದು ವಾರ ಅವನು ಬಂದ. ಬೇರಿನೊಳಗಿನ ಕೊಳೆತದ್ದನ್ನು ಕೂದಲಿನಷ್ಟು ಸಪೂರದ ಅರಗಳಿಂದ ಡಾಕ್ಟರು ಒಂದಿಷ್ಟು ಒಂದಿಷ್ಟೇ ತೆಗೆದರು. ಕರೆಂಟು ಹೋದಾಗ ಟಾರ್ಚನ್ನು ಹುಡುಗನ ಕೈಗೇ ಕೊಟ್ಟು ಅವನ ಬಾಯಿಗೆ ಅವನೇ ಬೆಳಕು ಹಿಡಿಯುವಂತೆ ಮಾಡಿದರು. ಮೊದಲ ವಾರ ಸಿಸ್ಟರ್ ಪೆಡಲು ತುಳಿಯುತ್ತಿದ್ದಾಗ ಹುಡುಗ ಬಾಯಿ ತೆರೆದುಕೊಂಡೇ ಕೈಯಾಡಿಸಿ ತಡೆದ. ಮಾತಾಡಲಾಗದೆ ತನ್ನ ಪಾದವನ್ನು ಕುರ್ಚಿಯ ಕಾಲಿಗೆ ತಟ್ಟಿ ತೋರಿಸಿದ: ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು.

"ಏನಂತೆ ಇವನದು?" ಎಂದರು ಸಿಸ್ಟರ್.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ತುಳಿತ ಸರಿಯಿಲ್ಲ ಅಂತಿದಾನೆ. ಹೊಲಿಗೆ ಮಿಷಿನ್ನಿನವನಲ್ವಾ! ಕಲೀರಿ ಕಲೀರಿ."

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಹಾಗೆ ತುಳಿದ ಮೇಲೆ ಮೊನೆ ನಡುಗುವುದು ನಿಂತಿತು. ಐದನೇ ವಾರ ಡಾಕ್ಟರು ಕನ್ನಡಿ ಕೊಟ್ಟರು. ಅವನು ಮೊದಲು ತುಟಿ ಮುಚ್ಚಿ ನೋಡಿಕೊಂಡ, ಆಮೇಲೆ ನಗುತ್ತ ನೋಡಿಕೊಂಡ, ಆಮೇಲೆ ಕನ್ನಡಿ ಕೊಡಲು ಮರೆತು ಅದನ್ನು ಹಿಡಿದುಕೊಂಡೇ ಹೊರಟುಬಿಟ್ಟ.

ಮುಂದೆ ಅವನು ಸ್ವಂತ ಅಂಗಡಿ ಹಾಕಿದ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅಂಗಡಿ. ಡಾಕ್ಟರು ದಿನಾ ಬೆಳಿಗ್ಗೆ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. "ಎಲ್ಲಿ, ನಗು ನೋಡೋಣ." ಮಿಷಿನ್ನಿನ ಹಿಂದೆ ಕೂತ ಟೈಲರ್ ತಲೆಯೆತ್ತಿ ಹಲ್ಲು ಬಿಡುತ್ತಿದ್ದ. ಅಷ್ಟು ಸಾಕು ಅವರಿಗೆ, ಹಗುರವಾಗಿ ಹೆಜ್ಜೆ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದರು.

ಆ ಮೂರ್ನಾಲ್ಕು ವರ್ಷದಲ್ಲಿ ಹಾಗೆ ಉಳಿಸಿದ ಹಲ್ಲುಗಳು ಬಹಳವೇನಲ್ಲ, ನೂರೋ ನೂರಿಪ್ಪತ್ತೋ. ಆಮೇಲೆ ಸರ್ಕಾರದ ಬಾಯಿಯ ಆರೋಗ್ಯ ನೀತಿ ಬಂತು.

*

ಹೂವಿನ ಹಾರ ಹಿಡಿದು ಆರೋಗ್ಯ ಕಚೇರಿಯ ಸೂಪರಿಂಟೆಂಡೆಂಟ್ ಬಂದಾಗ ಗಂಟೆ ಹತ್ತಾಗಿತ್ತು. ಕಚೇರಿಯ ಜೀಪು ರಿಪೇರಿಗೆ ಹೋಗಿದ್ದರಿಂದ ಬಸ್ಸಿನಲ್ಲಿ ಬಂದಿದ್ದರು, ಹಾರದ ಅರ್ಧ ಹೂ ದಾರಿಯಲ್ಲೇ ಉದುರಿತ್ತು. ಹಾರ ಹಾಕಿ, ಕೈ ಮುಗಿದು, ಎರಡು ನಿಮಿಷ ತಲೆ ತಗ್ಗಿಸಿ ನಿಂತರು. ಆಮೇಲೆ ಸಿಸ್ಟರನ್ನು ಅಂಗಳದ ಮೂಲೆಗೆ ಕರೆದರು.

"ಹೇಳೋ ಹೊತ್ತಲ್ಲ, ಗೊತ್ತು ನನಗೆ. ಹಲ್ಲಿನ ಕೋಣೆ ಬೀಗದಕೈ ನಿಮ್ಮ ಹತ್ರಾನೇ ಇದೆಯಲ್ಲ? ಇವತ್ತು ಸಂಜೆಯೊಳಗೆ ಸಾಮಾನಿನ ಪಟ್ಟಿ ಮಾಡಿ ಕಳಿಸ್ಬಿಡಿ."

"ಹೊಸ ಡಾಕ್ಟ್ರು ಬರೋ ಮುಂಚೆ ಮಾಡಿದ್ರಾಗಲ್ವಾ ಸರ್?"

ಸೂಪರಿಂಟೆಂಡೆಂಟ್ ಕನ್ನಡಕ ತೆಗೆದು ಒರೆಸಿದರು. "ಹೊಸಬರು ಯಾರೂ ಬರಲ್ಲಮ್ಮ. ಈ ಹುದ್ದೆ ಬೇರೆ ಕಡೆಗೆ ಹೋಯ್ತು. ಹೋದ ತಿಂಗಳೇ ಆದೇಶ ಆಗಿತ್ತು. ಇವರು ನಿವೃತ್ತಿ ಆಗೋಕೆ ಇನ್ನು ಆರು ತಿಂಗಳಿತ್ತಲ್ಲ, ಅಲ್ಲೀವರೆಗೆ ಹೇಳೋದು ಬೇಡ ಅಂತ ನಾನೇ ಕಾಗದ ಒತ್ತಿಟ್ಕೊಂಡಿದ್ದೆ."

"ಯಾಕೆ ಸರ್? ದಿನಾ ಮೂವತ್ತು ನಲವತ್ತು ಜನ ಬರ್ತಾರೆ."

"ಬರ್ತಾರೆ, ಯಾರು ಇಲ್ಲ ಅಂದ್ರು? ನನ್ನವೂ ಎರಡು ಇಲ್ಲೇ ಕೀಳಿಸ್ಕೊಂಡಿದೀನಿ. ಆದ್ರೆ ಮೇಲಿನವರು ಕಿತ್ತಿದ್ದನ್ನ ಲೆಕ್ಕಕ್ಕೆ ಹಿಡಿಯಲ್ಲ. ಉಳಿಸಿದ ಹಲ್ಲು ಎಷ್ಟು ಅಂತ ಕೇಳ್ತಾರೆ. ನಿಮ್ಮ ಕೇಂದ್ರದ್ದು ಹದಿನೇಳೆಂಟು ವರ್ಷದಿಂದ ಸೊನ್ನೆ. ಬೇರೆ ಕಡೆ ನೂರು, ನೂರೈವತ್ತು ಅಂತ ತೋರಿಸ್ತಾರೆ. ಕೆಲಸ ಕಾಣಿಸಿದ ಕಡೆಗೆ ಹುದ್ದೆ ಅಂತ ತೀರ್ಮಾನ ಆಯ್ತು."

"ಅವರ ಹತ್ರಾನೂ ಡ್ರಿಲ್ಲು ತಿರುಗಿಸೋ ಕಂಪ್ರೆಸರ್ ಇಲ್ವಲ್ಲ ಸರ್. ನೂರು ಎಲ್ಲಿಂದ ಬಂತು?"

"ನನಗೆ ಗೊತ್ತು ಎಲ್ಲಿಂದ ಬಂತು ಅಂತ. ನಿಮಗೂ ಗೊತ್ತು." ಕನ್ನಡಕ ಮತ್ತೆ ಹಾಕಿಕೊಂಡರು. "ನನ್ನ ಕೈಲಿರೋದು ಸೀಲು ಒಂದೇ ಕಣಮ್ಮ."

*

ನೀತಿ ಬಂದ ವರ್ಷ ಡಾಕ್ಟರು ಹೊಸ ಮದುಮಗನ ಹಾಗಿದ್ದರು. ಮೂರು ದಿನದ ತರಬೇತಿಗೆ ರಾಜಧಾನಿಗೆ ಹೋಗಿ, ನೀತಿಯ ಪುಸ್ತಕವನ್ನು ಎದೆಗವಚಿಕೊಂಡು ಬಂದರು. ರಕ್ಷಾಪುಟದಲ್ಲಿ ನಗುವ ಮಗು. ಒಳಗೆ ದಪ್ಪಕ್ಷರದಲ್ಲಿ 'ಕೀಳುವುದಲ್ಲ, ಉಳಿಸುವುದು' ಎಂದಿತ್ತು.

"ನೋಡಿ ಸಿಸ್ಟರ್, ನಾವು ಮಾಡ್ತಿದ್ದುದನ್ನೇ ಬರೆದಿದಾರೆ. ಶಾಲೆ ಶಾಲೆಗೂ ಹೋಗೋದು, ಚಿಕ್ಕ ತೂತಿದ್ದಾಗಲೇ ತುಂಬಿಬಿಡೋದು. ಹೊಸ ಯಂತ್ರ ಬರುತ್ತಂತೆ. ಇನ್ನು ನಿಮ್ಮ ಕಾಲಿಗೆ ರಜ."

ಆ ಭಾನುವಾರ ಇಬ್ಬರೂ ಸೇರಿ ಕೋಣೆಗೆ ಸುಣ್ಣ ಹೊಡೆದರು.

ಹೊಸ ಯಂತ್ರ ನಿಜಕ್ಕೂ ಬಂತು, ಲಾರಿಯಲ್ಲಿ, ಎರಡು ಪೆಟ್ಟಿಗೆಗಳಲ್ಲಿ. ತಂದವರ ಕೈಯಲ್ಲಿ ಒಂದು ಕಾಗದ: ಹೊಸದನ್ನು ಪಡೆಯುವ ಕೇಂದ್ರಗಳು ಹಳೆಯ ಉಪಕರಣವನ್ನು ಒಪ್ಪಿಸತಕ್ಕದ್ದು. ಡಾಕ್ಟರು ನಗುತ್ತಲೇ ಸಹಿ ಹಾಕಿದರು. ತುಳಿಯುವ ಡ್ರಿಲ್ಲು ಲಾರಿ ಹತ್ತಿತು. ಅದರ ಪೆಡಲನ್ನು ಸಿಸ್ಟರ್ ಕೊನೆಯ ಸಲ ಬಟ್ಟೆಯಿಂದ ಒರೆಸಿಕೊಟ್ಟಿದ್ದರು.

ಪೆಟ್ಟಿಗೆ ಬಿಚ್ಚಿದಾಗ ಕುರ್ಚಿಯಿತ್ತು, ದೀಪವಿತ್ತು, ಕೊರೆಯುವ ಕೈಯಿತ್ತು. ಆ ಕೈಯನ್ನು ತಿರುಗಿಸಲು ಬೇಕಾದ ಗಾಳಿಯನ್ನು ಒತ್ತುವ ಕಂಪ್ರೆಸರ್ ಇರಲಿಲ್ಲ. ಅದು ಬೇರೆ ಟೆಂಡರಂತೆ. ಡಾಕ್ಟರು ಬರೆದರು. ಮುಂದಿನ ವರ್ಷ ಮತ್ತೆ ಬರೆದರು. ನಾಲ್ಕನೇ ವರ್ಷ ಕಂಪ್ರೆಸರ್ ಬಂತು. ಅದರ ಪೈಪಿನ ಬಾಯಿ ಯಂತ್ರದ ಬಾಯಿಗೆ ಹೊಂದಲಿಲ್ಲ. ಹೊಂದಿಸಲು ಬಂದ ಮೆಕ್ಯಾನಿಕ್ಕು ನೋಡಿ, ಇದು ಲಾರಿ ಟೈರಿಗೆ ಗಾಳಿ ಹೊಡೆಯೋಕೆ ಸರಿ ಎಂದು ಹೇಳಿ ಹೋದ. ತುಂಬುವ ಸಿಮೆಂಟು ಒಮ್ಮೆ ಬಂತು, ಡಬ್ಬಿಯ ಮೇಲಿನ ತಾರೀಖು ಕಳೆದು ಐದು ತಿಂಗಳಾಗಿತ್ತು. ಮೇಷ್ಟ್ರು ಕಳಿಸುತ್ತಿದ್ದ ಪೊಟ್ಟಣವನ್ನು ತಪಾಸಣೆಗೆ ಬಂದವರು ಕಪಾಟಿನಲ್ಲಿ ನೋಡಿ, ನೀತಿಯ ಪ್ರಕಾರ ಹೊರಗಿನ ಸಾಮಾನು ಬಳಸುವಂತಿಲ್ಲವೆಂದು ನೋಟೀಸು ಕೊಟ್ಟರು. ಪ್ರತಿ ವರ್ಷ ತಪ್ಪದೆ ಬಂದದ್ದು ಇಕ್ಕಳ, ಸಿರಿಂಜು ಮತ್ತು ಮರಗಟ್ಟಿಸುವ ಔಷಧಿ.

ನೋವು ಮಾತ್ರ ಟೆಂಡರಿಗೆ ಕಾಯಲಿಲ್ಲ. ಕೆನ್ನೆ ಊದಿಸಿಕೊಂಡು ಜನ ಬಂದರು, ಡಾಕ್ಟರು ಕಿತ್ತರು. ಉಳಿಸಬಹುದಾದ ಹಲ್ಲನ್ನು ಕೀಳುವ ದಿನ ಅವರು ರೋಗಿಯ ಜೊತೆ ಮಾತಾಡುತ್ತಿರಲಿಲ್ಲ. ಕಿತ್ತದ್ದನ್ನು ಟ್ರೇಗೆ ಹಾಕಿ, ಒಮ್ಮೆ ತಿರುಗಿಸಿ ನೋಡಿ, "ಮುಂದಿನವರು" ಎನ್ನುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಕಳಿಸುವ ವರದಿಯಲ್ಲಿ ಉಳಿಸಿದ ಹಲ್ಲು ಎಂಬ ಕಡೆ ಅವರು ಸೊನ್ನೆ ಬರೆದರು. ವಿವರಣೆ ಕೇಳಿ ಪತ್ರ ಬಂತು, ಬಡ್ತಿ ನಿಂತಿತು. ಒಂದು ಸಲ ಸಿಸ್ಟರೇ ಹೇಳಿದರು, "ಎಲ್ಲರೂ ಬರೀತಾರಂತೆ ಸರ್. ನಾವೂ ಒಂದು ಹನ್ನೆರಡು ಬರ್ದುಬಿಡೋಣ. ಯಾರು ಬಂದು ನೋಡ್ತಾರೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಸಿಟ್ಟೇನೂ ಮಾಡಲಿಲ್ಲ. "ಬರೀಬಹುದು. ಆಮೇಲೆ ಆ ಹನ್ನೆರಡು ಹಲ್ಲನ್ನ ಯಾರ ಬಾಯಲ್ಲಿ ಹುಡುಕ್ತೀರಿ ಸಿಸ್ಟರ್? ಅಲ್ಲದೆ, ಇಲ್ಲಿ ಎಲ್ಲ ಸರಿಯಾಗಿ ನಡೀತಿದೆ ಅಂತ ಅವರು ಅಂದ್ಕೊಂಡ್ರೆ ಪೈಪು ಯಾವತ್ತೂ ಬರಲ್ಲ."

ಸೊನ್ನೆ ನೋಡಿ ನೋಡಿ ಒಂದು ದಿನ ಯಾರಿಗಾದರೂ ನಾಚಿಕೆಯಾಗುತ್ತದೆ ಎಂದು ಅವರು ನಂಬಿದ್ದರು.

*

ಸ್ಮಶಾನಕ್ಕೆ ಹೊರಡುವಾಗ ಸಿಸ್ಟರ್ ಟೈಲರ್‌ನನ್ನು ನೋಡಿದರು. ಗೇಟಿನ ಹೊರಗೆ, ಎದುರುಗಡೆ ಗೋಡೆಗೆ ಅಂಟಿಕೊಂಡು ನಿಂತಿದ್ದ. ಈಗ ತಲೆಯಲ್ಲಿ ನರೆ, ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಕರವಸ್ತ್ರವನ್ನು ಬಾಯಿಗೆ ಅದುಮಿಕೊಂಡಿದ್ದ. ಅಳುತ್ತಿದ್ದಾನೆ ಎಂದುಕೊಂಡರು. ಆದರೂ ಸಿಟ್ಟು ಬಂತು.

"ಇಲ್ಲೀವರೆಗೆ ಬಂದು ಒಳಗೆ ಬರಲ್ವೇನಪ್ಪಾ?"

ಅವನು ತಲೆಯಾಡಿಸಿದ.

"ಅವರೇನು ಮಾಡಿದ್ರು ನಿನಗೆ? ಒಂದು ವರ್ಷದಿಂದ ಅವರು ದೂರದಲ್ಲಿ ಕಂಡ್ರೆ ಸಾಕು, ಶಟರ್ ಎಳೀತಿದ್ಯಂತೆ. ದಿನಾ ನನ್ನ ಹತ್ರ ಹೇಳೋರು. ಕಾಲರ್ ಬಿಗಿಯಾಯ್ತು ಅಂದಿದ್ದೆ ಸಿಸ್ಟರ್, ಅದಕ್ಕೇನಾದ್ರೂ ಬೇಜಾರಾಗಿದೆಯಾ ಅಂತ. ಹೋಗಿ ಕ್ಷಮೆ ಕೇಳ್ಲಾ ಅಂತ ಕೂಡ ಕೇಳಿದ್ರು. ಆ ವಯಸ್ಸಿನವರು!"

ಟೈಲರ್ ಕರವಸ್ತ್ರ ಇಳಿಸಿದ. ಮೇಲಿನ ಸಾಲಿನ ನಟ್ಟನಡುವೆ ಕಿಂಡಿ. ವಸಡಿನಲ್ಲಿ ಕಂದು ಬಣ್ಣದ ಚೂರೊಂದು ಮಾತ್ರ ಉಳಿದಿತ್ತು.

"ದಾರ ಕಚ್ಚಿದೆ ಸಿಸ್ಟರ್," ಎಂದ. ಮಾತಿನ ಜೊತೆ ಕಿಂಡಿಯಿಂದ ಗಾಳಿ ಬಂತು. "ಕಚ್ಚಬೇಡ, ಕತ್ತರಿ ಯಾಕಿರೋದು ಅಂತ ನೂರು ಸಲ ಹೇಳಿದ್ರು. ಶಾಲೆ ಯೂನಿಫಾರ್ಮಿನ ಅರ್ಜೆಂಟು, ಕತ್ತರಿ ಕೈಗೆ ಸಿಗ್ಲಿಲ್ಲ. ಕಳಕ್ ಅಂತು. ಊರಿನವರಿಗೆಲ್ಲ ನನ್ನ ತೋರಿಸಿ, ಇದು ನಾನು ಉಳಿಸಿದ ಹಲ್ಲು ಅನ್ನೋರು. ಯಾವ ಮುಖ ಇಟ್ಕೊಂಡು ತೋರಿಸ್ಲಿ? ನಗು ನೋಡೋಣ ಅಂತ ಕೇಳಿದ್ರೆ ಏನು ಮಾಡ್ಲಿ? ಇವತ್ತು ಹೇಳ್ತೀನಿ ನಾಳೆ ಹೇಳ್ತೀನಿ ಅಂತ..."

ಸಿಸ್ಟರ್‌ಗೆ ಅವನ ಸಿಟ್ಟಲ್ಲ, ನಾಚಿಕೆ ಕಂಡಿತು.

"ಬಂದಿದ್ರೆ ಬೈತಿರ್ಲಿಲ್ಲ ಕಣಪ್ಪ," ಎಂದರು.

"ಬೈದಿದ್ರೆ ಪರವಾಗಿರ್ಲಿಲ್ಲ. ಮತ್ತೆ ಸರಿ ಮಾಡೋಕೆ ಆಗ್ತಿತ್ತಾ ಸಿಸ್ಟರ್?"

ಅವನು ನಿಜವಾಗಿಯೂ ಕೇಳುತ್ತಿದ್ದ. ಸಿಸ್ಟರ್ ಕಣ್ಣೆದುರಿಗೆ ಅದು ಬಂದುಹೋಯಿತು: ಡಾಕ್ಟರು ಅವನನ್ನು ಕೂರಿಸುತ್ತಿದ್ದರು, ದೀಪ ಎಳೆದು ನೋಡುತ್ತಿದ್ದರು, ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಇಕ್ಕಳಕ್ಕೆ ಕೈ ಚಾಚುತ್ತಿದ್ದರು. ಬೇರೆ ಯಾವುದಕ್ಕೆ ಚಾಚಲು ಸಾಧ್ಯವಿತ್ತು?

"ಆಗ್ತಿತ್ತು," ಎಂದರು. "ಅವರ ಕೈಲಿ ಆಗದ್ದು ಏನಿತ್ತು?"

ಸುಳ್ಳು ಹೇಳಿದ್ದರಿಂದ ಅವನಿಗೆ ಇನ್ನೂ ಹೆಚ್ಚು ನೋವಾಯಿತೆಂದು ಆಡಿದ ಮೇಲೆ ಅವರಿಗೆ ಹೊಳೆಯಿತು. ಟೈಲರ್ ಕರವಸ್ತ್ರವನ್ನು ಮತ್ತೆ ಬಾಯಿಗೊತ್ತಿಕೊಂಡು, ಜನರ ಹಿಂದೆ, ಎಲ್ಲರಿಗಿಂತ ಹಿಂದೆ ನಡೆದ. ಕೊನೆಯದಾಗಿ ಮುಖ ತೋರಿಸಿದಾಗಲೂ ಹತ್ತಿರ ಬರಲಿಲ್ಲ. ಗುಂಡಿಯೊಳಗೆ ಇಳಿಸುವ ಹೊತ್ತಿಗೆ ಮಾತ್ರ ಮುಂದೆ ನುಗ್ಗಿ ಬಂದು, "ಆ ಅಂಗಿ ಯಾರು ಹೊಲಿದದ್ದು?" ಎಂದು ಜೋರಾಗಿ ಕೇಳಿದ. "ಭುಜ ನೋಡಿ, ಹೇಗೆ ಎಳೀತಿದೆ!" ಇಬ್ಬರು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ಮಣ್ಣು ಬೀಳತೊಡಗಿತು.

ಹಿಂತಿರುಗುವಾಗ ಡಾಕ್ಟರ ಹೆಂಡತಿ ಸಿಸ್ಟರ್ ಕೈ ಹಿಡಿದುಕೊಂಡೇ ನಡೆದರು. "ಸೂಪರಿಂಟೆಂಡೆಂಟ್ ಏನೋ ಹೇಳ್ತಿದ್ರಲ್ಲ?"

"ಏನಿಲ್ಲ ಅಕ್ಕಾ. ಸಾಮಾನಿನ ಪಟ್ಟಿ ಕೇಳಿದ್ರು."

"ಹೊಸಬರು ಬಂದ್ರೆ ಹೇಳಿ. ಇವರ ಪುಸ್ತಕಗಳೆಲ್ಲ ಮನೇಲಿವೆ. ಯಾರಾದ್ರೂ ಓದೋ ಹುಡುಗರು ಬಂದ್ರೆ ಕೊಡ್ತೀನಿ."

"ಹೇಳ್ತೀನಿ," ಎಂದರು ಸಿಸ್ಟರ್.

ಆಸ್ಪತ್ರೆಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಹಲ್ಲಿನ ಕೋಣೆಯ ಮುಂದಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಮತ್ತು ಎಂಟೊಂಬತ್ತು ವರ್ಷದ ಹುಡುಗಿ. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದಿತ್ತು, ಎಲ್ಲಿಗೋ ದೊಡ್ಡ ಕಡೆಗೆ ಹೊರಟವರಿಗೆ ಹೆಣೆಯುವ ಹಾಗೆ. ಸಿಸ್ಟರ್ ಕೈಯಲ್ಲಿ ಬೀಗದಕೈ ನೋಡಿ ಇಬ್ಬರೂ ಎದ್ದು ನಿಂತರು.

"ಎರಡು ಬಸ್ಸು ಬದಲಾಯಿಸಿ ಬಂದ್ವಿ. ಹನ್ನೊಂದಕ್ಕೇ ಬಂದು ಚೀಟಿ ಮಾಡಿಸಿದೀವಿ," ಎಂದಳು ಹೆಂಗಸು. "ಡಾಕ್ಟ್ರು ಊಟಕ್ಕೆ ಹೋಗಿದಾರಾ?"

ಚೀಟಿ ಬರೆಯುವವನು ಬಾಯಿ ಬಿಟ್ಟು ಹೇಳಿರಲಿಲ್ಲ. ಸಿಸ್ಟರ್‌ಗೂ ಹೇಳಲು ಬಾಯಿ ಬರಲಿಲ್ಲ. "ಇವತ್ತು ಇಲ್ಲಮ್ಮ," ಎನ್ನುತ್ತ ಬೀಗ ತೆಗೆದರು. ಬಾಗಿಲು ತೆರೆದದ್ದೇ ತಡ, ಹುಡುಗಿ ಅವರ ತೋಳಿನಡಿಯಿಂದ ನುಸುಳಿ ಹೋಗಿ, ಚಪ್ಪಲಿ ಬಿಟ್ಟು, ದೊಡ್ಡ ಕುರ್ಚಿ ಹತ್ತಿ ಕೂತಿತು. ಯಾರೂ ಹೇಳದೆಯೇ ಬಾಯಿ ತೆರೆಯಿತು. ಕೈಗಳು ಮಾತ್ರ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದವು.

ನೋಡುವುದೇನೂ ತಪ್ಪಲ್ಲ ಎಂದುಕೊಂಡರು ಸಿಸ್ಟರ್. ಕೈ ತೊಳೆದು, ದೀಪ ಹಾಕಿ, ಬಾಗಿದರು. ಕೆಳಗಿನ ಸಾಲಿನಲ್ಲಿ, ಆರನೇ ವರ್ಷಕ್ಕೆ ಹುಟ್ಟಿ ಸಾಯುವವರೆಗೆ ಇರಬೇಕಾದ ದವಡೆ ಹಲ್ಲು. ಅದರ ನಡುವೆ ಸಾಸಿವೆಯಷ್ಟು ಚಿಕ್ಕ ಕಪ್ಪು ಚುಕ್ಕಿ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರು. ಹುಡುಗಿಗೆ ನೋಯಲಿಲ್ಲ. ಬೇರಿಗೆ ಇನ್ನೂ ಇಳಿದಿರಲಿಲ್ಲ. ಹತ್ತು ನಿಮಿಷದ ಕೆಲಸ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಕೀಳ್ಬೇಕಾಗುತ್ತಾ ಸಿಸ್ಟರ್? ನನ್ನವೆಲ್ಲ ಹೀಗೇ ಶುರುವಾಗಿ ಹೋದ್ವು. ಅದಕ್ಕೇ ಇವಳದ್ದು ನೋವು ಬರೋ ಮೊದಲೇ ಕರ್ಕೊಂಡು ಬಂದೆ. ಶಾಲೇಲಿ ಯಾರೋ ಹಾಗಂತ ಹೇಳಿದ್ರಂತೆ."

"ಕೀಳೋದು ಬೇಡ," ಎಂದರು ಸಿಸ್ಟರ್. "ಇದು ಉಳಿಯೋ ಹಲ್ಲು."

ಹೆಂಗಸಿನ ಮುಖ ಅರಳಿತು. ಒಳಗೆ ಬಂದು ಚೀಲವನ್ನು ಗೋಡೆಗೆ ಒರಗಿಸಿಟ್ಟಳು. "ಹಾಗಾದ್ರೆ ಉಳಿಸಿ ಕೊಡಿ. ಹೊತ್ತಾದ್ರೂ ಪರವಾಗಿಲ್ಲ, ನಮ್ಮ ಕೊನೇ ಬಸ್ಸು ಐದೂವರೆಗೆ."

ಸಿಸ್ಟರ್ ಕಡ್ಡಿಯನ್ನು ಟ್ರೇಯಲ್ಲಿಟ್ಟರು. ದೀಪ ಆರಿಸಿದರು. ಹೆಂಗಸಿನ ಕಡೆ ತಿರುಗಿ ನಿಂತರು.

ಬಾಯಿ ಮುಚ್ಚು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಹುಡುಗಿ ಬಾಯಿ ತೆರೆದುಕೊಂಡೇ ಇತ್ತು. ದೀಪವಿಲ್ಲದ ಕುರ್ಚಿಯಲ್ಲಿ, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮಾತ್ರ ಒಮ್ಮೆ ಅಮ್ಮನ ಕಡೆಗೆ ಒಮ್ಮೆ ಸಿಸ್ಟರ್ ಕಡೆಗೆ ಹೊರಳಿಸುತ್ತ, ಇನ್ನೂ ಸ್ವಲ್ಪ ದೊಡ್ಡದಾಗಿ ತೆರೆಯಿತು.